ಐದು ತಿಂಗಳ ಬಸುರಿಗೆ ಇನ್ಶೂರೆನ್ಸ್ ಆ್ಯಪ್ ದಿನಕ್ಕೆ 10,000 ಹೆಜ್ಜೆ ಕೇಳುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇದೆ. ಆಫೀಸಿನ ಇನ್ಶೂರೆನ್ಸ್ ಆ್ಯಪ್‌ನಲ್ಲಿ ನಡೆದ ಹೆಜ್ಜೆಗೆ ವೋಚರ್ ಆಸೆ ತೋರಿಸಿ ಕೊಡುವ ಪಾಯಿಂಟ್ ಕಡಿಮೆಯಾಗುತ್ತಿದೆ, ಡಾಕ್ಟರ್ ರೆಸ್ಟ್ ಅಂದಿದ್ದಾರೆ, ಹೆಜ್ಜೆ ಎಣಿಸುವ ವಾಚನ್ನು ಗಂಡನ ಕೈಗೆ ಕಟ್ಟಿ ವಾಕಿಂಗ್‌ಗೆ ಕಳಿಸಲಾ ಅಂತ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಪಾಪ ಪುಣ್ಯದ ಮಾತಲ್ಲ ಇದು. ನಿಮ್ಮ ಫೈಲಿನಲ್ಲಿ ಡಾಕ್ಟರ್ 'ಬೆಡ್ ರೆಸ್ಟ್' ಅಂತ ಬರೆದಿರುತ್ತಾರೆ, ಅದೇ ದಿನ ಆ್ಯಪ್‌ನಲ್ಲಿ ನೀವು 10,000 ಹೆಜ್ಜೆ ನಡೆದಿರುತ್ತೀರಿ. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ಆಸ್ಪತ್ರೆ ಸೇರಿದರೆ ಕ್ಲೇಮ್ ನೋಡುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಒಂದು ವೋಚರ್ ಆಸೆಗೆ ಅವರ ಕೈಗೆ ನಾವೇ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಆಗುತ್ತದೆ.

ನಿಮ್ಮ ಸಿಟ್ಟು ಮಾತ್ರ ನ್ಯಾಯವಾಗಿದೆ. ನಾನು ತುಮಕೂರಿನವಳು, ಕೆಲಸ ಬೆಂಗಳೂರಿನ ಕಂಪನಿಯಲ್ಲಿ. ಕೆಲವು ದಿನ ಬೆಳಗಿನ ಟ್ರೇನು, ಉಳಿದ ದಿನ ಮನೆಯಿಂದಲೇ. ಮೊದಲು ಈ ಆ್ಯಪ್ ಕಂಡರೆ ನನಗೂ ಖುಷಿಯೇ. ಸ್ಟೇಷನ್‌ವರೆಗೆ ನಡಿಗೆ, ಸಂಜೆ ಅಮಾನಿಕೆರೆ ಹತ್ತಿರ ಒಂದು ವಾಕು, ಫೋನಿನಲ್ಲಿ ಹಸಿರು ಉಂಗುರ ತುಂಬಿಬಿಡುತ್ತಿತ್ತು. ಬಸುರಿಯಾದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಪ್ಲಾಸೆಂಟಾ (ಮಾಸು) ಕೆಳಗಿದೆ, ಜಾಸ್ತಿ ಓಡಾಡಬೇಡಿ ಅಂದರು. ಆವತ್ತಿನಿಂದ ಉಂಗುರ ಕೆಂಪು. ತೂಕ ಹಾಕಿದರೆ ಅದೂ ಕೆಂಪು, 'ನಿಮ್ಮ ತೂಕ ಗುರಿ ಮೀರುತ್ತಿದೆ' ಅಂತ ಮೆಸೇಜು ಬೇರೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ತೂಕ ಹೆಚ್ಚದೆ ಇನ್ನೇನಾಗಬೇಕು? ಹೆಚ್ಚದಿದ್ದರೆ ಡಾಕ್ಟರ್ ಬೈಯುತ್ತಾರೆ, ಹೆಚ್ಚಿದರೆ ಆ್ಯಪ್ ಬೈಯುತ್ತದೆ.

ಬಸುರಿಯರಿಗೆ ಅಂತಲೇ ಒಂದು ಪ್ರೋಗ್ರಾಂ ಕೂಡ ಇತ್ತು, ನಿಮ್ಮದರಲ್ಲೂ ಇರಬಹುದು. ಅದರ ಕಥೆ ಇನ್ನೂ ಚೆಂದ. 12 ವಾರ ತುಂಬುವುದರೊಳಗೆ ಹೆಸರು ಬರೆಸಿದರೆ ಮಾತ್ರ ಪೂರ್ತಿ ಪಾಯಿಂಟ್. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಪಕ್ಕದ ಮನೆಗೂ ಹೇಳುವುದಿಲ್ಲ, ಅಲ್ವಾ? ನಮ್ಮತ್ತೆ ಅಂತೂ ಫೋನಿನಲ್ಲಿ ಕೂಡ ಆ ಮಾತು ಆಡಬೇಡ ಅಂದಿದ್ದರು. ನಾನು ಹೇಗೋ ಬರೆಸಿದೆ. ದಾಖಲೆ ಕೇಳಿದರು, ತಾಯಿ ಕಾರ್ಡಿನ ಫೋಟೋ ಹಾಕಿದೆ. ನರ್ಸಮ್ಮ ನೀಲಿ ಪೆನ್ನಿನಲ್ಲಿ ಬಿಪಿ, ತೂಕ, ಕೊಟ್ಟ ಇಂಜೆಕ್ಷನ್ ಎಲ್ಲ ತುಂಬಿ ಸಹಿ ಹಾಕಿದ್ದ ಕಾರ್ಡು. 'ದಾಖಲೆ ಮಾನ್ಯವಲ್ಲ, ಇಂಗ್ಲಿಷ್ ರಿಪೋರ್ಟ್ ಹಾಕಿ' ಅಂತ ವಾಪಸ್ ಬಂತು. ಆಮೇಲೆ ಒಬ್ಬರು ಫೋನ್ ಮಾಡಿ ಹಿಂದಿಯಲ್ಲಿ ಸಮಾಧಾನ ಹೇಳಿದರು.

ಶುಗರ್ ಟೆಸ್ಟ್‌ಗೂ ಪಾಯಿಂಟ್ ಇತ್ತು. 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರಲ್ಲ, ಅದು. ಆ ಸಿಹಿ ಗಂಟಲಲ್ಲಿ ಇಳಿಯದೆ, ಮೂಗು ಮುಚ್ಚಿ ಕುಡಿದು, ಬಿ.ಎಚ್. ರಸ್ತೆಯ ಲ್ಯಾಬಿನ ಬೆಂಚಿನ ಮೇಲೆ ವಾಂತಿ ತಡೆದುಕೊಂಡು ಕೂತಿದ್ದೆ. ವಾಂತಿಯಾದರೆ ಮತ್ತೆ ಮೊದಲಿಂದ. ರಿಪೋರ್ಟ್ ಹಾಕಿದರೆ 'ಈ ಲ್ಯಾಬ್ ನಮ್ಮ ಪಟ್ಟಿಯಲ್ಲಿಲ್ಲ'. ಅವರ ಪಟ್ಟಿಯ ಲ್ಯಾಬೆಲ್ಲ ಬೆಂಗಳೂರಿನಲ್ಲಿ.

ಇದನ್ನೆಲ್ಲ ನೋಡಿದಾಗ ನಮ್ಮ ಓರಗಿತ್ತಿಗೆ ಸಿಕ್ಕಿದ ಮಾತೃ ವಂದನಾ ಯೋಜನೆಯ ಹಣವೇ ವಾಸಿ ಅನ್ನಿಸಿತ್ತು. ಸರ್ಕಾರದ್ದು ಅಂತ ಹೊಗಳುತ್ತಿಲ್ಲ, ಆಧಾರ್ ಜೋಡಿಸುವುದಕ್ಕೆ ಅವಳೂ ಅಲೆದಳು. ಆದರೆ ಷರತ್ತು ನೋಡಿ. ಮೊದಲ ಮಗುವಿಗೆ 5,000 ರೂಪಾಯಿ. ಹೆಸರು ನೋಂದಾಯಿಸಿ, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ತಪಾಸಣೆಯಾದರೂ ಮಾಡಿಸಿದರೆ 3,000. ಜನನ ನೋಂದಣಿಯಾಗಿ ಮಗುವಿನ ಮೊದಲ ಸುತ್ತಿನ ಲಸಿಕೆ ಮುಗಿದರೆ 2,000. ಎರಡನೆಯದು ಹೆಣ್ಣಾದರೆ 6,000. ಬಸುರಿ ಮಾಡಲೇಬೇಕಾದ ಕೆಲಸಕ್ಕೇ ದುಡ್ಡು ಕೊಡುತ್ತಾರೆ, ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರ್ ಕನ್ನಡದಲ್ಲೇ ಹೇಳುತ್ತಾರೆ. ಆ್ಯಪ್ ಮಾಡಿದವರು ಜಿಮ್‌ಗೆ ಹೋಗುವ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿ, ಆಮೇಲೆ ನಮಗೂ ಅದನ್ನೇ ಕೊಟ್ಟಿದ್ದಾರೆ ಅಷ್ಟೆ.

ಈಗ ಮಾಡಬೇಕಾದ್ದು. ಡಾಕ್ಟರ್ ಹತ್ತಿರ ರೆಸ್ಟ್ ಬಗ್ಗೆ ಒಂದು ಚೀಟಿ ಬರೆಸಿಕೊಳ್ಳಿ. ಅದನ್ನು ಎಚ್‌ಆರ್‌ಗೂ ಇನ್ಶೂರೆನ್ಸ್‌ನವರಿಗೂ ಒಂದೇ ಮೇಲ್‌ನಲ್ಲಿ ಕಳಿಸಿ, ಹೆರಿಗೆ ರಜೆ ಮುಗಿಯುವವರೆಗೆ ಹೆಜ್ಜೆ ಮತ್ತು ತೂಕದ ಗುರಿ ನಿಲ್ಲಿಸಿ ಅಂತ ಕೇಳಿ. ಸುಮ್ನೆ ಆ್ಯಪ್‌ನ ಚಾಟ್‌ನಲ್ಲಿ ಬರೆಯುತ್ತಾ ಕೂರಬೇಡಿ, ಅಲ್ಲಿ ಉತ್ತರ ಕೊಡುವುದು ಯಂತ್ರ. ಪಾಯಿಂಟ್ ಹೇಗೆ ಬರುತ್ತದೆ ಅನ್ನುವುದನ್ನು ಮೊದಲೇ ತಿಳಿಸಿರಬೇಕು ಅಂತ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2020ರ ಮಾರ್ಗಸೂಚಿಯಲ್ಲೇ ಇತ್ತು, ಹಾಗಾಗಿ ನಿಯಮದ ಪ್ರತಿ ಕೇಳಿ. ನನಗೆ ಎಚ್‌ಆರ್ ಮೂಲಕ ಹೋದ ಮೇಲೆ ಗುರಿ ನಿಲ್ಲಿಸಿದರು. ಹೋದ ಪಾಯಿಂಟ್ ವಾಪಸ್ ಬರಲಿಲ್ಲ.

ದೂರು ಕೊಡಬಹುದಾ ಅಂತ ಅನ್ನಿಸಬಹುದು. ಕೊಡಬಹುದು. ಮೊದಲು ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗ, ಇಲ್ಲವೇ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ ಸಹಾಯವಾಣಿ 155255. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಫೀಸೂ ಇಲ್ಲ, ವಕೀಲರೂ ಬೇಕಿಲ್ಲ. ಆದರೆ ಪಾಯಿಂಟ್‌ಗೋಸ್ಕರ ಅಷ್ಟು ದೂರ ಹೋಗಬೇಡಿ. ಹೆರಿಗೆ ಬಿಲ್ಲಿನಲ್ಲಿ ಅನ್ಯಾಯವಾಗಿ ಕತ್ತರಿ ಹಾಕಿದರೆ ಹೋಗಿ.

ನಿಜವಾದ ದುಡ್ಡು ಇರುವುದೂ ಅಲ್ಲೇ. ಪಾಲಿಸಿ ಐದು ಲಕ್ಷದ್ದಾದರೂ ಹೆರಿಗೆಗೆ ಬೇರೆ ಮಿತಿ ಇರುತ್ತದೆ. ನನ್ನದರಲ್ಲಿ ನಾರ್ಮಲ್‌ಗೆ 50,000, ಸಿಸೇರಿಯನ್‌ಗೆ 75,000 ಇತ್ತು. ರೂಮ್ ಬಾಡಿಗೆಗೂ ಮಿತಿ ಇದ್ದರೆ, ಅದಕ್ಕಿಂತ ದೊಡ್ಡ ರೂಮ್ ತೆಗೆದುಕೊಂಡಾಗ ಬಹಳ ಪಾಲಿಸಿಗಳಲ್ಲಿ ಬರೀ ಬಾಡಿಗೆಯಲ್ಲ, ಡಾಕ್ಟರ್ ಫೀಸಿನಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ಮಗು ಹುಟ್ಟಿದ ಮೇಲೆ ಎಷ್ಟು ದಿನದೊಳಗೆ ಪಾಲಿಸಿಗೆ ಸೇರಿಸಬೇಕು ಅಂತ ಎಚ್‌ಆರ್‌ನ ಈಗಲೇ ಕೇಳಿಡಿ. ಸಾಮಾನ್ಯವಾಗಿ 30 ದಿನ ಇರುತ್ತದೆ, ಬಾಣಂತನದಲ್ಲಿ ಅದು ಹೇಗೆ ಕಳೆಯುತ್ತದೋ ಗೊತ್ತಾಗುವುದಿಲ್ಲ. ಮಗುವನ್ನು ಸೇರಿಸಿ ಅಂತ ಮೇಲ್ ಕಳಿಸುವ ಕೆಲಸ ಯಜಮಾನರಿಗೆ ವಹಿಸಿ, ವಾಚ್ ಕಟ್ಟಿಕೊಂಡು ಓಡಾಡುವುದಕ್ಕಿಂತ ಅದು ಉಪಯೋಗ.

ಇನ್ನೊಂದು. ಚೊಚ್ಚಲು ತವರಿನಲ್ಲೇ ಆಗುವುದಾದರೆ ನೆಟ್‌ವರ್ಕ್ ಆಸ್ಪತ್ರೆ ಪಟ್ಟಿಯನ್ನು ಆ ಊರಿಗೆ ನೋಡಿ, ಇರುವ ಊರಿಗಲ್ಲ. ನನ್ನ ತವರು ತಿಪಟೂರು. ಅಮ್ಮನಿಗೆ ನಂಬಿಕೆ ಇದ್ದ ನರ್ಸಿಂಗ್ ಹೋಂ ಪಟ್ಟಿಯಲ್ಲಿ ಇರಲಿಲ್ಲ. 2024ರಿಂದ ಪಟ್ಟಿಯಲ್ಲಿಲ್ಲದ ಕಡೆಯೂ ಕ್ಯಾಶ್‌ಲೆಸ್ (ನಾವು ಕಟ್ಟದೆ ಅವರೇ ಆಸ್ಪತ್ರೆಗೆ ಕಟ್ಟುವುದು) ಕೊಡುತ್ತೇವೆ ಅನ್ನುತ್ತಾರೆ, ಆದರೆ ಮೊದಲೇ ಗೊತ್ತಿರುವ ಅಡ್ಮಿಷನ್ ಆದರೆ 48 ಗಂಟೆ ಮುಂಚೆ ತಿಳಿಸಬೇಕು. ಹೆರಿಗೆ ನೋವು 48 ಗಂಟೆ ಮುಂಚೆ ಹೇಳಿ ಬರುತ್ತದಾ? ಆಸ್ಪತ್ರೆಯವರೂ ಒಪ್ಪಬೇಕು. ಕೊನೆಗೆ ನಾವು ಕೈಯಿಂದ ಕಟ್ಟಿ, ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಕಳಿಸಿ ವಾಪಸ್ ಪಡೆದೆವು.

ನಿಮ್ಮ ತವರು ಯಾವ ಊರು ಅಂತ ಬರೆದಿಲ್ಲ. ಶಿರಾ, ಮಧುಗಿರಿ, ಪಾವಗಡ ಕಡೆಯಾದರೆ ಪಟ್ಟಿಯನ್ನು ಈ ವಾರವೇ ತರಿಸಿಕೊಳ್ಳಿ.