ಸೂರಿನಂಚಿನ ಮಂಜುಗಡ್ಡೆಯೂ ಎಣ್ಣೆಯ ಲೆಕ್ಕವೂ

ದಾವಣಗೆರೆಯ ನಮ್ಮ ಬಹುಕಾಲದ ಓದುಗರೊಬ್ಬರು ಈ ಸಲದ ಚಳಿಗಾಲವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ನಗರದಲ್ಲಿರುವ ಮಗನ ಮನೆಯಲ್ಲಿ ಕಳೆದು ಬಂದಿದ್ದಾರೆ. ಮನೆಯನ್ನು ಬೆಚ್ಚಗಿಡಲು ಅಲ್ಲಿ ಉರಿಸುವ ಎಣ್ಣೆಯ ಪ್ರಮಾಣ ಕಂಡು ಅವರಿಗೆ ಗಾಬರಿಯಾಗಿದೆ. ಡಿಸೆಂಬರ್ 12ರಂದು ಟ್ಯಾಂಕು ಪೂರ್ತಿ ತುಂಬಿಸಿದ ಮೇಲೆ ಜನವರಿ 5ರಂದು 148 ಗ್ಯಾಲನ್, ಜನವರಿ 30ರಂದು 171 ಗ್ಯಾಲನ್, ಫೆಬ್ರವರಿ 25ರಂದು 146 ಗ್ಯಾಲನ್ ಎಣ್ಣೆ ಹಿಡಿಯಿತೆಂದು ರಸೀದಿಗಳನ್ನು ನೋಡಿ ಗುರುತು ಹಾಕಿಕೊಂಡಿದ್ದಾರೆ. "ಐದು ಜನರ ಮನೆಗೆ ಇಷ್ಟೊಂದು ಎಣ್ಣೆ ಬೇಕೆ? ಮನೆಯೊಳಗಿನ ಉಷ್ಣತೆಯನ್ನು ನಿಗದಿಪಡಿಸುವ ಥರ್ಮೋಸ್ಟಾಟನ್ನು 68ರಿಂದ 66 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ, ಇನ್ನೊಂದು ಸ್ವೆಟರ್ ಹಾಕಿಕೊಳ್ಳೋಣ ಎಂದೆ. ಕೂಸಿದೆ ಎಂದು ಸೊಸೆ ಒಪ್ಪಲಿಲ್ಲ. ನಾನು ಹೇಳಿದ್ದು ತಪ್ಪೇ?" ಎಂದು ಕೇಳಿದ್ದಾರೆ.

ಮಾನ್ಯರೇ,

ತಾವು ತಾರೀಖು, ಗ್ಯಾಲನ್ ಎರಡನ್ನೂ ಬರೆದು ಕಳಿಸಿದ್ದರಿಂದ ನಮ್ಮ ಕೆಲಸ ಹಗುರವಾಗಿದೆ. 75 ದಿನಗಳಲ್ಲಿ 465 ಗ್ಯಾಲನ್, ಅಂದರೆ ಸುಮಾರು 1,760 ಲೀಟರ್. ದಿನವೊಂದಕ್ಕೆ ಆರು ಗ್ಯಾಲನ್ನಿಗಿಂತ ತುಸು ಹೆಚ್ಚು. ನಮ್ಮ ಅಡುಗೆಮನೆಯ ಅಳತೆಯಲ್ಲಿ ಹೇಳುವುದಾದರೆ, ಈ ಎಣ್ಣೆಯ ಐದು ಗ್ಯಾಲನ್ನಿನಲ್ಲಿರುವ ಶಾಖವು 14.2 ಕಿಲೋ ತೂಕದ ಒಂದು ಗ್ಯಾಸ್ ಸಿಲಿಂಡರಿನ ಶಾಖಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ತಮ್ಮ ಮಗನ ಮನೆಯಲ್ಲಿ ಎರಡೂವರೆ ತಿಂಗಳಿಗೆ ತೊಂಬತ್ತಕ್ಕೂ ಹೆಚ್ಚು ಸಿಲಿಂಡರಿನಷ್ಟು ಉರುವಲು ಮುಗಿದಿದೆ. ಒಂದು ಸಿಲಿಂಡರನ್ನು ತಿಂಗಳಿಗಿಂತ ಹೆಚ್ಚು ಕಾಲ ಬಾಳಿಸುವ ಮನೆಯಿಂದ ಹೋದವರಿಗೆ ಗಾಬರಿಯಾದದ್ದು ಸಹಜವೇ. ಆದರೆ ಅಷ್ಟರಿಂದಲೇ ಅದನ್ನು ದುಂದು ಎಂದು ತೀರ್ಮಾನಿಸುವ ಮೊದಲು, ಆ ಎಣ್ಣೆಯನ್ನು ಬೇಡುತ್ತಿರುವುದು ಮನೆಯವರೋ ಮನೆಯೋ ಎಂಬುದನ್ನು ನೋಡಬೇಕಾಗುತ್ತದೆ.

ಬಾಯ್ಲರ್ ಇರುವ ಮನೆಗಳಲ್ಲಿ ನಡೆಯುವುದು ಸರಳವಾದ ಕೆಲಸ. ನೆಲಮಾಳಿಗೆಯಲ್ಲಿ ನಮ್ಮ ಬಚ್ಚಲ ಹಂಡೆಯಂಥದೇ ಒಂದು ವ್ಯವಸ್ಥೆ ಇದ್ದು, ಸೌದೆಯ ಬದಲು ಎಣ್ಣೆಯ ಸಣ್ಣ ತುಂತುರು ಉರಿದು ನೀರನ್ನು ಕಾಯಿಸುತ್ತದೆ. ಆ ಬಿಸಿನೀರು ಗೋಡೆಯ ಬುಡದ ಕೊಳವೆಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಾಗಿಸಿ, ತಣಿದು ಮತ್ತೆ ಕೆಳಗಿಳಿಯುತ್ತದೆ. ಎಣ್ಣೆ ಎಂದರೆ ಡೀಸೆಲ್‌ನ ಒಡಹುಟ್ಟು. ರಸ್ತೆ ತೆರಿಗೆ ಕಟ್ಟದ ಈ ಎಣ್ಣೆಯನ್ನು ವಾಹನಗಳಿಗೆ ಬಳಸದಂತೆ ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ನಮ್ಮ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದುದೂ ಇಂಥದೇ ಕಳ್ಳತನವನ್ನು ತಡೆಯಲು. ಎಣ್ಣೆ ಹಾಕುವಾತ ಮನೆಯ ಪಕ್ಕದ ಕೊಳವೆಗೆ ಪೈಪು ಸಿಕ್ಕಿಸಿ, ಹಿಮದ ನಡುವೆ ಏನನ್ನೋ ಆಲಿಸುವಂತೆ ನಿಂತಿದ್ದನೆಂದು ತಾವು ಬರೆದಿದ್ದೀರಿ. ಆತ ನಿಜಕ್ಕೂ ಆಲಿಸುತ್ತಿದ್ದ. ಎಣ್ಣೆ ಒಳಗೆ ಬೀಳುತ್ತಿದ್ದಂತೆ ಟ್ಯಾಂಕಿನೊಳಗಿನ ಗಾಳಿ ಇನ್ನೊಂದು ಕೊಳವೆಯಿಂದ ಹೊರಬರುವಾಗ ಅದರಲ್ಲಿರುವ ಪುಟ್ಟ ಸೀಟಿ ಊದುತ್ತದೆ; ಸೀಟಿ ನಿಂತಿತೆಂದರೆ ಟ್ಯಾಂಕು ತುಂಬಿತು, ತಕ್ಷಣ ಕೈ ಬಿಡಬೇಕು. ನೆಲಮಾಳಿಗೆಯ ಟ್ಯಾಂಕನ್ನು ಕಾಣದೆ, ಬರಿಯ ಕಿವಿಯಿಂದ ಅಳೆದು ಸಾವಿರಾರು ಮನೆಗಳಿಗೆ ಎಣ್ಣೆ ತುಂಬುವ ಈ ಕೆಲಸಗಾರರ ಬಗ್ಗೆ ನಮಗೆ ಗೌರವವಿದೆ.

ಯಾರೂ ಕರೆಯದೆ ಅವನು ಸರಿಯಾದ ದಿನವೇ ಹೇಗೆ ಬಂದ ಎಂಬ ತಮ್ಮ ಇನ್ನೊಂದು ಪ್ರಶ್ನೆಯಲ್ಲೇ ಮೊದಲ ಪ್ರಶ್ನೆಯ ಉತ್ತರವೂ ಇದೆ. ಎಣ್ಣೆ ವ್ಯಾಪಾರಿಗಳು ಡಿಗ್ರಿ-ದಿನ ಎಂಬ ಲೆಕ್ಕವನ್ನು ಇಟ್ಟುಕೊಂಡಿರುತ್ತಾರೆ. ಹೊರಗಿನ ದಿನದ ಸರಾಸರಿ ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ 18 ಡಿಗ್ರಿ ಸೆಲ್ಸಿಯಸ್‌ಗಿಂತ, ಎಷ್ಟು ಕೆಳಗಿದೆಯೋ ಅಷ್ಟು ಡಿಗ್ರಿ-ದಿನಗಳು ಆ ದಿನದ ಖಾತೆಗೆ ಸೇರುತ್ತವೆ. ಒಂದು ಗ್ಯಾಲನ್ ಎಣ್ಣೆಯಲ್ಲಿ ಒಂದು ಮನೆ ಎಷ್ಟು ಡಿಗ್ರಿ-ದಿನಗಳನ್ನು ದಾಟುತ್ತದೆ ಎಂಬುದನ್ನು ಹಿಂದಿನ ರಸೀದಿಗಳಿಂದ ಕಂಡುಹಿಡಿದು, ಆ ಅಂಕಿಗೆ ಕೆ-ಫ್ಯಾಕ್ಟರ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ವಾಹನಗಳು ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತವೆ ಎಂದು ಕೇಳುತ್ತೇವಲ್ಲ, ಇದು ಮನೆಯ ಮೈಲೇಜ್.

ತಮ್ಮ ಮಗನ ಮನೆಯ ಮೈಲೇಜನ್ನು ನಾವು ಹಾಕಿ ನೋಡಿದೆವು. ವುಸ್ಟರ್ ಗುಡ್ಡಗಳ ಮೇಲಿನ ಊರು, ಕಡಲ ತಡಿಯ ಬಾಸ್ಟನ್ನಿಗಿಂತ ತಂಪು. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿನ ವಾಡಿಕೆಯ ಸರಾಸರಿ 26 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿರುತ್ತದೆ, ಎಂದರೆ ಸೊನ್ನೆಗಿಂತ ಮೂರು ಡಿಗ್ರಿ ಸೆಲ್ಸಿಯಸ್ ಕೆಳಗೆ. ದಿನಕ್ಕೆ 39ರಂತೆ 75 ದಿನಗಳಿಗೆ ಸುಮಾರು 2,900 ಡಿಗ್ರಿ-ದಿನಗಳು. ಅದನ್ನು 465ರಿಂದ ಭಾಗಿಸಿದರೆ ಆರೂಕಾಲರ ಹತ್ತಿರ ಬರುತ್ತದೆ. 1950ರ ದಶಕದ ಎರಡಂತಸ್ತಿನ ಮರದ ಮನೆಗೆ ಇದು ಅಸಹಜವಾದ ಅಂಕಿಯಲ್ಲ. ಜನವರಿಯಲ್ಲಿ ದಿನಕ್ಕೆ ಏಳು ಗ್ಯಾಲನ್ನಿನ ಹತ್ತಿರ ಹೋಗಿ ಫೆಬ್ರವರಿಯಲ್ಲಿ ಐದೂವರೆಗೆ ಇಳಿದದ್ದನ್ನು ನೋಡಿದರೆ, ಬಳಕೆಯು ಮನೆಯವರ ಮರ್ಜಿಯಂತಲ್ಲದೆ ಚಳಿಯ ಏರಿಳಿತಕ್ಕೆ ತಕ್ಕಂತೆ ನಡೆದಿದೆ ಎಂದು ತೋರುತ್ತದೆ. ಎಣ್ಣೆಯ ಲೆಕ್ಕದಲ್ಲಿ ಸ್ನಾನದ ಬಿಸಿನೀರೂ ಸೇರಿರುವ ಮನೆಗಳುಂಟು. ಹಾಗಿದ್ದರೆ ದಿನಕ್ಕೆ ಅರ್ಧದಿಂದ ಒಂದು ಗ್ಯಾಲನ್ನನ್ನು ಬೇಸಿಗೆಯಲ್ಲೂ ಬಾಯ್ಲರ್ ಕೇಳುತ್ತದೆ.

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದೂ ನಾವು ಹೇಳುವುದಿಲ್ಲ. ಅಮೆರಿಕದಲ್ಲಿ ಎಣ್ಣೆಯಿಂದ ಬೆಚ್ಚಗಾಗುವ ಮನೆಗಳು ಸುಮಾರು ಐವತ್ತು ಲಕ್ಷ; ಅವುಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಮನೆಗಳು ಈಶಾನ್ಯದ ರಾಜ್ಯಗಳಲ್ಲಿಯೇ ಇವೆ. ಆ ಮನೆಗಳ ಸರಾಸರಿ ಬಳಕೆ ಅಕ್ಟೋಬರಿನಿಂದ ಮಾರ್ಚಿನವರೆಗೆ 500 ಗ್ಯಾಲನ್ನಿನ ಆಸುಪಾಸಿನಲ್ಲಿದೆ. ತಮ್ಮ ಮಗನ ಮನೆ ಎರಡೂವರೆ ತಿಂಗಳಲ್ಲೇ ಅದರ ಹತ್ತಿರ ಬಂದಿದೆ. ಆ ಸರಾಸರಿಯಲ್ಲಿ ನ್ಯೂಜರ್ಸಿ, ಪೆನ್ಸಿಲ್ವೇನಿಯಾದಂಥ ಕಡಿಮೆ ಚಳಿಯ ಸೀಮೆಗಳೂ ಸಣ್ಣ ಮನೆಗಳೂ ಸೇರಿವೆಯೆಂಬುದನ್ನು ಬಿಟ್ಟುಕೊಟ್ಟರೂ, ಶಾಖ ಎಲ್ಲೋ ಸೋರುತ್ತಿದೆ ಎಂಬ ಅನುಮಾನ ಉಳಿಯುತ್ತದೆ. ತೂತು ಕೊಡದಲ್ಲಿ ನೀರಿನ ಮಟ್ಟವನ್ನು ಕಾಯ್ದುಕೊಳ್ಳಲು ಎಷ್ಟು ನೀರು ಸುರಿಯಬೇಕೆಂಬುದನ್ನು ತೂತೇ ನಿರ್ಧರಿಸುತ್ತದೆ. ಕುಡಿಯುವವರು ಇಬ್ಬರೋ ಐವರೋ ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗದು.

ಸೋರುವ ಜಾಗವನ್ನು ತಾವೇ ಪತ್ರದಲ್ಲಿ ತೋರಿಸಿಕೊಟ್ಟಿದ್ದೀರಿ. ಸೂರಿನ ಅಂಚಿನಿಂದ ಈಟಿಯಂತೆ ಇಳಿಬಿದ್ದ ಮಂಜುಗಡ್ಡೆಗಳನ್ನು ಮೊಮ್ಮಗ ಮುರಿದು ಆಟವಾಡುತ್ತಿದ್ದ, ಎದುರು ಮನೆಯ ಮಾಡಿನಲ್ಲಿ ಅಂಥದು ಒಂದೂ ಇರಲಿಲ್ಲ, ಅಲ್ಲಿ ಹಿಮ ಹಾಗೆಯೇ ಹಾಸಿಕೊಂಡಿತ್ತು ಎಂದು ಬಹಳ ಸೊಗಸಾಗಿ ಬರೆದಿದ್ದೀರಿ. ಆ ಸಾಲುಗಳನ್ನು ನಾವು ಎರಡು ಸಲ ಓದಿದೆವು. ಕೋಣೆಗಳ ಶಾಖ ಅಟ್ಟಕ್ಕೆ ಏರಿ, ಮಾಡನ್ನು ಒಳಗಿನಿಂದ ಬೆಚ್ಚಗಾಗಿಸಿ, ಮೇಲಿನ ಹಿಮವನ್ನು ಕರಗಿಸುತ್ತದೆ. ಕರಗಿದ ನೀರು ಜಾರಿ, ಕೆಳಗೆ ಬೆಚ್ಚನೆಯ ಕೋಣೆಯಿಲ್ಲದ ಸೂರಿನಂಚಿಗೆ ಬಂದೊಡನೆ ಮತ್ತೆ ಗಡ್ಡೆ ಕಟ್ಟುತ್ತದೆ. ಎದುರು ಮನೆಯ ಮೇಲೆ ಹಿಮ ಕರಗದೆ ನಿಂತಿತ್ತೆಂದರೆ ಅವರ ಶಾಖ ಕೆಳಗೇ ಉಳಿದಿದೆ ಎಂದರ್ಥ. ಮಗು ಕೈಯಲ್ಲಿ ಹಿಡಿದು ಆಡಿದ ಆ ಗಡ್ಡೆಯೊಳಗೆ ತಮ್ಮ ಮಗ ದುಡ್ಡು ಕೊಟ್ಟು ತಂದ ಎಣ್ಣೆಯ ಶಾಖವೂ ವ್ಯಯವಾಗಿತ್ತು. ಅಟ್ಟದ ಬಾಗಿಲು, ದೀಪದ ತಂತಿ ಹಾಯುವ ಸಂದು, ಚಿಮಣಿಯ ಸುತ್ತಲಿನ ಬಿರುಕು, ಇಂಥ ಕಡೆಗಳಲ್ಲಿ ಗಾಳಿ ಮೇಲೇರುತ್ತದೆ. ಅವುಗಳನ್ನು ಮುಚ್ಚಿ, ಅಟ್ಟದ ನೆಲಕ್ಕೂ ನೆಲಮಾಳಿಗೆಯ ಅಂಚುಗಳಿಗೂ ಶಾಖವನ್ನು ತಡೆಯುವ ದಪ್ಪನೆಯ ಹೊದಿಕೆ, ಎಂದರೆ ಇನ್ಸುಲೇಷನ್, ಹಾಕಿದರೆ ಶೇಕಡಾ 15ರ ಆಸುಪಾಸಿನಲ್ಲಿ ಉಳಿತಾಯವಾಗುತ್ತದೆಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ತಮ್ಮ ಮಗನ ಮನೆಗೆ ಈ 75 ದಿನಗಳಲ್ಲೇ ಸುಮಾರು 70 ಗ್ಯಾಲನ್.

ಈಗ ಥರ್ಮೋಸ್ಟಾಟಿನ ವಿಷಯಕ್ಕೆ ಬರೋಣ. ಎಂಟು ಗಂಟೆ ಕಾಲ ಒಂದು ಡಿಗ್ರಿ ಇಳಿಸಿದರೆ ಶೇಕಡಾ ಒಂದರಷ್ಟು ಉಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಹಗಲೂ ರಾತ್ರಿಯೂ ಎರಡು ಡಿಗ್ರಿ ಇಳಿಸಿದ್ದರೆ ಶೇಕಡಾ ಆರು, ಎಂದರೆ 28 ಗ್ಯಾಲನ್ ಉಳಿಯುತ್ತಿತ್ತು. ತಮ್ಮ ಸಲಹೆ ಲೆಕ್ಕಕ್ಕೆ ತಪ್ಪಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂದೂ ಕೂಸುಗಳು, ವಯಸ್ಸಾದವರು ಇರುವಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಹೇಳಿದೆ. 68 ಫ್ಯಾರನ್‌ಹೀಟ್ ಎಂದರೆ 20 ಸೆಲ್ಸಿಯಸ್. ಆ ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು, ಎಪ್ಪತ್ತು ದಾಟಿದ ತಾವೂ ಇದ್ದಿರಿ. ಸೊಸೆ ಒಪ್ಪದಿದ್ದುದೇ ಸರಿ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ತಾವು ಅಲ್ಲಿಂದ ಹೊರಡುವಾಗ ಈ ವಿಷಯವಾಗಿ ಸ್ವಲ್ಪ ಬೇಸರವಿತ್ತೆಂದು ಬರೆದಿದ್ದೀರಿ. ಮುಂದಿನ ಫೋನಿನಲ್ಲಿ ಅದನ್ನು ಮಾತಾಡಿ ಮುಗಿಸಿ ಎಂಬುದು ನಮ್ಮ ಕೋರಿಕೆ. ಕಂಬಳಿ ಹೊದ್ದು ಮನುಷ್ಯರು ತಡೆದುಕೊಂಡರೂ ಗೋಡೆಯೊಳಗಿನ ನೀರಿನ ಕೊಳವೆಗಳು ತಡೆಯವು ಎಂಬುದನ್ನೂ ಮರೆಯುವಂತಿಲ್ಲ. ಮನೆ ತೀರಾ ತಣ್ಣಗಾದರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆ ಸೀಳುತ್ತದೆ; ಆದ್ದರಿಂದಲೇ ಊರಿಗೆ ಹೋಗುವವರೂ ಬಾಯ್ಲರನ್ನು ಪೂರ್ತಿ ಆರಿಸಿ ಹೋಗುವುದಿಲ್ಲ.

ತಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕೆನಿಸುತ್ತದೆ, ಏಕೆಂದರೆ ಎಣ್ಣೆಯ ಲೆಕ್ಕ ನಿಜವಾಗಿ ಕಠೋರವಾಗುವುದು ಅಲ್ಲಿ. ಎಣ್ಣೆಯ ಲಾರಿ ಸಾಮಾನ್ಯವಾಗಿ ನೂರು ಗ್ಯಾಲನ್ನಿಗಿಂತ ಕಡಿಮೆಗೆ ಬರುವುದಿಲ್ಲ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರಲ್ಲಿ ಆ ಸೀಮೆಯ ಹಲವೆಡೆ ಗ್ಯಾಲನ್ನಿನ ಬೆಲೆ ಐದು ಡಾಲರ್ ದಾಟಿತು. ಒಮ್ಮೆಗೇ ಐನೂರು ಡಾಲರ್ ಹೊಂದಿಸಲಾಗದ ಬಡವರು ಪೆಟ್ರೋಲ್ ಬಂಕಿಗೆ ಹೋಗಿ ಐದು ಗ್ಯಾಲನ್ನಿನ ಡಬ್ಬಿಯಲ್ಲಿ ಡೀಸೆಲ್ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಜನವರಿಯ ಚಳಿಯಲ್ಲಿ ಅದು ಒಂದು ಹಗಲು ರಾತ್ರಿಗೂ ಸಾಲದು. ಬಂಕಿನ ಡೀಸೆಲ್ಲಿನಲ್ಲಿ ರಸ್ತೆ ತೆರಿಗೆಯೂ ಸೇರಿರುವುದರಿಂದ, ಸಗಟಾಗಿ ಕೊಳ್ಳುವ ಅನುಕೂಲವಿಲ್ಲದವನೇ ಹೆಚ್ಚು ಬೆಲೆ ತೆರುವಂತಾಗುತ್ತದೆ. ಇಂಥವರಿಗಾಗಿ 1981ರಿಂದ ಕೇಂದ್ರ ಸರ್ಕಾರದ ಇಂಧನ ನೆರವಿನ ಯೋಜನೆಯೊಂದು ಅಲ್ಲಿದೆ. ಒಳ್ಳೆಯ ಯೋಜನೆಯೇ, ಆದರೆ ಸೋರುವ ಮನೆಗೆ ವರ್ಷವರ್ಷವೂ ಎಣ್ಣೆ ಕೊಡಿಸುವ ಜೊತೆಗೆ ಸೋರಿಕೆಯನ್ನು ಮುಚ್ಚಿಸುವುದಕ್ಕೆ ಇನ್ನೂ ಹೆಚ್ಚು ಹಣ ಸಲ್ಲಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಎಣ್ಣೆಯನ್ನೇ ಬಿಡುವ ದಾರಿಯೂ ತೆರೆದಿದೆ. ಅರ್ಧಕ್ಕೂ ಹೆಚ್ಚು ಮನೆಗಳು ಎಣ್ಣೆಯನ್ನು ನೆಚ್ಚಿಕೊಂಡಿರುವ ಮೇಯ್ನ್ ರಾಜ್ಯವು 2025ರೊಳಗೆ ಒಂದು ಲಕ್ಷ ಹೀಟ್ ಪಂಪುಗಳನ್ನು ಅಳವಡಿಸುವ ಗುರಿ ಹಾಕಿಕೊಂಡು ಅದನ್ನು 2023ರಲ್ಲೇ ಮುಟ್ಟಿತು. ಏಸಿಯನ್ನು ತಿರುಗಿಸಿ ನಡೆಸಿದಂತೆ ಇದು ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನೇ ಹೀರಿ ಒಳಗೆ ತರುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಕೊರೆಯುವ ಚಳಿಯ ದಿನಗಳಲ್ಲಿ ಈ ಲಾಭ ಇಳಿಯುತ್ತದೆ, ಆ ಭಾಗದಲ್ಲಿ ವಿದ್ಯುತ್ತಿನ ದರವೂ ಜಾಸ್ತಿ. ಆದ್ದರಿಂದ ಹಳೆಯ ಬಾಯ್ಲರನ್ನು ಇಟ್ಟುಕೊಂಡೇ ಪಂಪು ಹಾಕಿಸಿಕೊಳ್ಳುವವರು ಬಹಳ. ಒಂದು ಗ್ಯಾಲನ್ ಎಣ್ಣೆ ಉರಿದರೆ ಹತ್ತು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತಾವು ಕೊಟ್ಟ 465 ಗ್ಯಾಲನ್ನಿಗೆ ಅದು ನಾಲ್ಕೂವರೆ ಟನ್ನಿಗೂ ಮಿಗಿಲು. ಬದಲಾವಣೆ ಬೇಕೇ ಬೇಕು. ಆದರೆ ಮೊದಲು ಅಟ್ಟ, ಆಮೇಲೆ ಪಂಪು. ಸೋರುವ ಮನೆಗೆ ದೊಡ್ಡ ಪಂಪು ಬೇಕಾಗಿ ಖರ್ಚು ಹೆಚ್ಚುತ್ತದೆ.

ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಎಂಬ ಕಾರ್ಯಕ್ರಮದ ಮೂಲಕ ಮನೆಗೆ ಬಂದು ಶಾಖ ಎಲ್ಲೆಲ್ಲಿ ಸೋರುತ್ತಿದೆಯೆಂದು ಉಚಿತವಾಗಿ ಪರೀಕ್ಷಿಸಿ ಹೇಳುತ್ತಾರೆ, ಇನ್ಸುಲೇಷನ್ನಿನ ಖರ್ಚಿನಲ್ಲಿ ದೊಡ್ಡ ಪಾಲನ್ನೂ ಭರಿಸುತ್ತಾರೆ. ಬೇಸಿಗೆಯಲ್ಲೇ ಅವರನ್ನು ಕರೆಸುವಂತೆ ಮಗನಿಗೆ ತಿಳಿಸಿ, ತಾವು ಕಂಡ ಮಂಜುಗಡ್ಡೆಯ ವಿಷಯವನ್ನು ಪರೀಕ್ಷೆಗೆ ಬಂದವರಿಗೆ ಹೇಳಲು ನೆನಪಿಸಿ. ಅಟ್ಟದ ಕೆಲಸ ಚೆನ್ನಾಗಿ ನಡೆದರೆ ಆರೂಕಾಲು ಇರುವ ಆ ಮನೆಯ ಮೈಲೇಜು ಏಳನ್ನು ದಾಟಬೇಕು. ಮುಂದಿನ ಜನವರಿಯ ರಸೀದಿ ಬಂದಾಗ ಗ್ಯಾಲನ್, ತಾರೀಖು ಎರಡನ್ನೂ ಮಗನಿಂದ ಕೇಳಿ ನಮಗೆ ಬರೆಯಿರಿ. ಆಗಿನ ಲೆಕ್ಕವನ್ನೂ ಇದೇ ಪುಟದಲ್ಲಿ ಹಾಕಿ ನೋಡೋಣ.

— ಸಂಪಾದಕ