ರೈನ್ ಲಿಲ್ಲಿ ಬರೀ ಎಲೆ ಬಿಡುತ್ತಿದ್ದರೆ ಮೊದಲು ನೀರು ನಿಲ್ಲಿಸಿ

ಅಕ್ಕ, ಮಾಲೂರಿನ ನಿಮ್ಮ ತಾರಸಿಯಲ್ಲಿ ಗುಲಾಬಿ ಬಣ್ಣದ ರೈನ್ ಲಿಲ್ಲಿ ಎರಡು ವರ್ಷದಿಂದ ಇದೆ, ದಿನಾ ನೀರು ಹಾಕಿದರೂ ಹುಲ್ಲಿನ ಹಾಗೆ ಎಲೆ ಮಾತ್ರ ಬರುತ್ತಿದೆ, ಹೂವಿಲ್ಲ ಅಂತ ಬರೆದಿದ್ದೀರಲ್ಲ. ಗಡ್ಡೆಯ ತಪ್ಪಲ್ಲ ಅದು, ದಿನಾ ಹಾಕುವ ನೀರಿನದೇ.

ಇದರ ತವರು ಮೆಕ್ಸಿಕೊ, ಗ್ವಾಟೆಮಾಲ ಕಡೆ. ಒಣಗಿದ ಮಣ್ಣಲ್ಲಿ ಸುಮ್ನೆ ಮಲಗಿದ್ದ ಗಡ್ಡೆ, ಒಂದು ಜೋರು ಮಳೆ ಬಿದ್ದ ಕೂಡಲೇ ಹೂ ಬಿಡುತ್ತದೆ. ಸದಾ ತೇವ ಇದ್ದರೆ ಅದಕ್ಕೇನು ಅವಸರ?

ಚಿಂತಾಮಣಿ ಹತ್ತಿರ ನಮ್ಮ ಬೋರ್‌ವೆಲ್ ಕೈಕೊಟ್ಟ ವರ್ಷ ನನಗೆ ಇದು ಗೊತ್ತಾಗಿದ್ದು. ಟೊಮ್ಯಾಟೊಗೇ ನೀರಿಲ್ಲ, ಇನ್ನು ಹೂವಿನ ಪಾಟ್ ಯಾರು ನೋಡುತ್ತಾರೆ? ಸಂಪಿನ ಪಕ್ಕ ತಳ್ಳಿಬಿಟ್ಟಿದ್ದೆ. ಎಲೆಯೆಲ್ಲ ಒಣಗಿ, ಮಣ್ಣು ಪಾಟಿನ ಅಂಚು ಬಿಟ್ಟು ಒಳಕ್ಕೆ ಸರಿದಿತ್ತು. ಭರಣಿ ಮಳೆ ಒಂದು ಸಂಜೆ ಸುರಿಯಿತು ನೋಡಿ, ನಾಲ್ಕನೇ ದಿನ ಬೆಳಿಗ್ಗೆ ಎಲೆಗಿಂತ ಮೊದಲು ಮೊಗ್ಗುಗಳೇ ಮಣ್ಣಿಂದ ಮೂತಿ ಹೊರಗೆ ಹಾಕಿದ್ದವು. ಒಂದೇ ಪಾಟಲ್ಲಿ 17 ಹೂ. ಒಂದೆರಡು ದಿನಕ್ಕೆ ಬಾಡಿದವು, ಆದರೂ ಸಾಕಲ್ವಾ!

ಹಾಗಾಗಿ ಮೂರು ನಾಲ್ಕು ವಾರ ನೀರು ಮುಟ್ಟಿಸಬೇಡಿ. ಎಲೆ ಹಳದಿಯಾದರೆ ಹೆದರಬೇಡಿ, ಗಡ್ಡೆ ಒಳಗೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ತಳದ ತೂತಿಂದ ಹರಿಯುವಷ್ಟು ಒಂದೇ ಸಲ ಹಾಕಿ. ಡ್ರಮ್ಮಿನಲ್ಲಿ ಹಿಡಿದ ಮಳೆ ನೀರಿದ್ದರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮಗೇ ಗೊತ್ತು. ಹೂ ಮುಗಿದ ಮೇಲೆ ಮಾಮೂಲಿ ನೀರು, ಮತ್ತೆ ಒಣಗಿಸುವುದು.

ನಿಮ್ಮ ಮನೆಯಲ್ಲಿ ಬಿಳಿಯದೂ ಇದೆ ಅಂದಿರಿ. ಅದಕ್ಕೆ ಈ ಉಪವಾಸ ಮಾಡಿಸಬೇಡಿ. ಅದು ದಕ್ಷಿಣ ಅಮೆರಿಕದ ಜೌಗು ನೆಲದ್ದು, ತೇವ ಇದ್ದರೂ ಹೂ ಬಿಡುತ್ತದೆ.

ಮಣ್ಣಿಗೆ ನಮ್ಮ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಹಳೇ ಕೊಟ್ಟಿಗೆ ಗೊಬ್ಬರ ಒಂದು. ಯೂರಿಯಾ ಬೇಡವೇ ಬೇಡ, ಎಲೆಯೇ ಜಾಸ್ತಿಯಾಗುತ್ತದೆ. ಐದಾರು ಗಂಟೆ ಬಿಸಿಲು ಬೀಳಬೇಕು. ಎಂಟಿಂಚಿನ ಪಾಟಿಗೆ ಹತ್ತು ಗಡ್ಡೆ ಧಾರಾಳವಾಗಿ ಹಿಡಿಸುತ್ತವೆ, ಒತ್ತೊತ್ತಾಗಿದ್ದರೇ ಅವಕ್ಕೆ ಖುಷಿ. ಸುಮ್ಮಸುಮ್ಮನೆ ಕಿತ್ತು ನೋಡಬೇಡಿ, ಕಿತ್ತರೆ ಮುನಿಸಿಕೊಳ್ಳುತ್ತವೆ.

ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆ ಇರುವ ಹುಳ ಬಂದೀತು. ಎಲೆ ಮುಗಿಸಿ ಗಡ್ಡೆಗೂ ಇಳಿಯುತ್ತದೆ. ಸಂಜೆ ಟಾರ್ಚ್ ಹಿಡಿದು ಆರಿಸಿ ಸೋಪಿನ ನೀರಿಗೆ ಹಾಕಿ.

ಇನ್ನೊಂದು, ಗಡ್ಡೆ ನೋಡಲು ಸಣ್ಣ ಈರುಳ್ಳಿ ಥರವೇ ಇರುತ್ತದೆ, ಆದರೆ ವಿಷ. ಅಡುಗೆಮನೆ ಕಟ್ಟೆ ಮೇಲೆ ಮಾತ್ರ ಇಡಬೇಡಿ.