ಸಂಬಳ ಸರಕಾರದ್ದು, ಕಟ್ಟಡ ಯಾರದು?

ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರು ಈಚೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಿದ್ದಾರೆ. ಅವರ ಪತ್ರ: "ನಮ್ಮೂರಾಗ ಸರಕಾರಿ ಸಾಲಿ ಐತಿ, ಅನುದಾನಿತ ಹೈಸ್ಕೂಲೂ ಐತಿ. ಎರಡಕ್ಕೂ ಸರಕಾರದ ರೊಕ್ಕಾನ ಬರ್ತೈತಿ. ಹೈಸ್ಕೂಲಿನ್ಯಾಗ ಫೀ ಯಾಕ ಕೇಳ್ತಾರ? ನಮ್ಮ ಸಾಲಿ ಮಾಳಿಗಿ ಸೋರ್ತೈತಿ, ಶಾಲಾ ಅನುದಾನದಾಗ ರಿಪೇರಿ ಮಾಡಸಾಕ ಬರೂದಿಲ್ಲೇನು?"

ಸಂಪಾದಕರ ಉತ್ತರ:

ಹೈಸ್ಕೂಲಿನ ಮಾತು ಮೊದಲು. ಅನುದಾನಿತ ಶಾಲೆ ಸರಕಾರದ ಶಾಲೆಯಲ್ಲ. ಮಂಜೂರಾದ ಹುದ್ದೆಯ ಶಿಕ್ಷಕರಿಗೆ ಸಂಬಳ ಕೊಡುವುದು ಸರಕಾರ. ಕಟ್ಟಡ ಆಡಳಿತ ಮಂಡಳಿಯದು, ನೇಮಕ ಮಾಡುವುದೂ ಅದೇ, ಇಲಾಖೆಯ ಒಪ್ಪಿಗೆ ಪಡೆದು. ಮಾಸ್ತರೊಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಅನುಮತಿ ಸಿಗುವವರೆಗೆ ಮಂಡಳಿ ತಾತ್ಕಾಲಿಕ ಶಿಕ್ಷಕರನ್ನು ಇಟ್ಟುಕೊಳ್ಳುತ್ತದೆ. ಆ ಖರ್ಚು ಕೊನೆಗೆ ಬೀಳುವುದು ಪಾಲಕರ ಮೇಲೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ 8ನೇ ತರಗತಿವರೆಗೆ ಅನ್ವಯಿಸುತ್ತದೆ: ವಾರ್ಷಿಕ ಖರ್ಚಿನಲ್ಲಿ ಅನುದಾನದ ಪಾಲು ಎಷ್ಟೋ ಅಷ್ಟು ಪ್ರಮಾಣದ ಮಕ್ಕಳಿಗೆ, ಕಡಿಮೆಯೆಂದರೂ ಶೇ 25ರಷ್ಟು ಮಕ್ಕಳಿಗೆ, ಉಚಿತ ಶಿಕ್ಷಣ ಕೊಡಬೇಕು. 'ಕಟ್ಟಡ ನಿಧಿ' ಎಂದು ಪ್ರವೇಶಕ್ಕೆ ಕಡ್ಡಾಯ ದೇಣಿಗೆ ಕೇಳಿದರೆ ಅದೇ ಕಾಯ್ದೆಯ 13ನೇ ಕಲಂ ಆ ಮೊತ್ತದ ಹತ್ತು ಪಟ್ಟುವರೆಗೆ ದಂಡ ಹೇಳುತ್ತದೆ. ರಸೀದಿ ಇಲ್ಲದೆ ದೂರು ನಿಲ್ಲುವುದಿಲ್ಲ, ಅದಕ್ಕೇ ಬಹಳ ಕಡೆ ರಸೀದಿಯನ್ನೇ ಕೊಡುವುದಿಲ್ಲ!

ಇನ್ನು ಮಾಳಿಗೆ. 'ಸಮಗ್ರ ಶಿಕ್ಷಣ' ಯೋಜನೆಯಡಿ ಸರಕಾರಿ ಶಾಲೆಗೆ ಬರುವ ಶಾಲಾ ಅನುದಾನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು 40. ಮೊತ್ತ ನಿಲ್ಲುವುದು ದಾಖಲಾದ ಮಕ್ಕಳ ಸಂಖ್ಯೆಯ ಮೇಲೆ: 30 ಮಕ್ಕಳವರೆಗೆ ₹10,000, 100ರವರೆಗೆ ₹25,000, 250ರವರೆಗೆ ₹50,000. ನಿಮ್ಮಲ್ಲಿ 86 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ₹25,000ದಲ್ಲಿ ಶೇ 10 ಸ್ವಚ್ಛತೆಗೇ ತೆಗೆದಿಡಬೇಕು. ಉಳಿದ ₹22,500ರಲ್ಲಿ ಸೀಮೆಸುಣ್ಣ, ರಜಿಸ್ಟರ್, ನಲ್ಲಿ, ಬಾಗಿಲಿನ ಚಿಲಕ. ಆರ್‌ಸಿಸಿ ಛಾವಣಿ ಆ ದುಡ್ಡಿನಲ್ಲಿ ಆಗುವ ಕೆಲಸವಲ್ಲ. ಮುಖ್ಯೋಪಾಧ್ಯಾಯರನ್ನು ಬೈದು ಫಲವಿಲ್ಲ.

ದಾರಿ ಬೇರೆ ಇದೆ. ಸಭೆ ಕರೆದು ಠರಾವು ಮಾಡಿ. ಯಾವ ಕೊಠಡಿ, ಎಲ್ಲಿ ಸೋರುತ್ತದೆ ಎಂಬುದು ನಡಾವಳಿಯಲ್ಲಿ ಬರಲಿ. "ಶಾಲೆ ದುರಸ್ತಿ ಮಾಡಬೇಕು" ಎಂದಷ್ಟೇ ಬರೆದ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ಫೋಟೊ, ಶಾಲೆಯನ್ನು ಗುರುತಿಸುವ 11 ಅಂಕಿಯ ಯುಡೈಸ್ ಸಂಖ್ಯೆ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯತ್ ರಾಜ್ ಎಂಜಿನಿಯರ್ ಅಂದಾಜು ಪಟ್ಟಿ ಮಾಡಿದ ಮೇಲೆ ಅದರ ಪ್ರತಿ ಶಾಸಕರಿಗೂ ತಲುಪಲಿ. ನಿಮ್ಮ ಕೊಪ್ಪಳ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಯ ಜಿಲ್ಲೆ; ಜಿಲ್ಲಾ ಪಂಚಾಯಿತಿಯಲ್ಲಿ ಆಗದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಕೇಳಬಹುದು.

ಇದಕ್ಕೂ ಮೊದಲು ಶಾಲೆಯ ಜಾಗದ ಉತಾರ (ಜಾಗ ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆ) ತೆಗೆಸಿ ನೋಡಿ. ಊರಿನ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ ಎಷ್ಟೋ ಕಡೆ ಇನ್ನೂ ಅವರ ಮನೆತನದ ಹೆಸರಲ್ಲೇ ಇರುತ್ತದೆ. ಹಾಗಿದ್ದರೆ ದಾನಪತ್ರ ನೋಂದಣಿಯಾಗಿ ಶಾಲೆಯ ಹೆಸರು ಏರುವ ತನಕ ಹೊಸ ಕೊಠಡಿಯ ಮಂಜೂರಾತಿ ಮುಂದೆ ಸರಿಯುವುದು ಕಷ್ಟ.